ಸೋರಿಕೆ ಹುಡುಕುವ ರಟ್ಟು

ಕಲಾಮಾ ಊರಿನಲ್ಲಿ ಮಳೆ ಎಂಬುದು
ದೊಡ್ಡವರು ಹೇಳುವ ಸುದ್ದಿ.
ಇಲ್ಲಿ ಸುರಿಯುವುದು ಧೂಳು ಮಾತ್ರ,
ತಾಮ್ರದ ಗಣಿಯಿಂದೆದ್ದು
ರೊಟ್ಟಿಯ ಮೇಲೆ, ರೆಪ್ಪೆಯ ಮೇಲೆ,
ಎದೆಲ್ಮಿರಾ ಪನಿರೆಯ ವರ್ಕ್‌ಶಾಪಿನ
ತಗಡಿನ ಮೇಲೆ.

ನನಗಾಗ ಹತ್ತೊಂಬತ್ತು. ಮೊದಲ ದಿನ
ಮೇಜಿನ ಮೇಲೆ ಮಲಗಿತ್ತು
ಅಗೆಯುವ ಯಂತ್ರದ ತೋಳಿನ ಸಿಲಿಂಡರು:
ನನಗಿಂತ ಉದ್ದ, ನಮ್ಮಪ್ಪನಷ್ಟೇ ಮೌನಿ.
"ಇದರೊಳಗೆ ಏನಿದೆ ಹೇಳು" ಅಂದಳು.
ಶಕ್ತಿ, ಅಂದೆ.
"ಎಣ್ಣೆ. ಬರೀ ಎಣ್ಣೆ.
ಶಕ್ತಿ ಪಂಪಿನದು. ಇದು ಹೇಳಿಕಳಿಸಿದ್ದನ್ನು
ಒಂದಕ್ಷರ ಬಿಡದೆ ತಲುಪಿಸುವ ಆಳು."

ಹಿಂಡಿದರೆ ಕುಗ್ಗದ ಹಟಮಾರಿ.
ಇಲ್ಲಿ ಒತ್ತಿದರೆ ಅಲ್ಲೂ ಒತ್ತುತ್ತದೆ,
ಗೋಡೆಗೂ ಅಷ್ಟೇ, ಮೂಲೆಗೂ ಅಷ್ಟೇ,
ಅಂಗುಲ ಅಂಗುಲಕ್ಕೂ ಒಂದೇ ಪಾಲು.
ಹಾಗಾಗಿ ಅಗಲ ಇದ್ದವನಿಗೆ ಲಾಭ:
ಸಣ್ಣ ಪಿಸ್ಟನ್ನು ಒಂದು ಗೇಣು ಇಳಿದರೆ
ನೂರು ಪಟ್ಟು ಅಗಲದ್ದು ಏರುವುದು
ಅಕ್ಕಿಕಾಳಿನ ದಪ್ಪ,
ಆದರೆ ಲಾರಿಯನ್ನು ಹೊತ್ತು ಏರುತ್ತದೆ.
"ಪುಕ್ಕಟೆ ಏನೂ ಸಿಗದು ಮಗಳೇ,
ಬಲ ಬೇಕೆಂದರೆ ದೂರ ಕೊಡು."

ಮೂಲೆಯ ಜಾಕು ಒಂದೇ ಬಾಗಿಲಿನ ಮನೆ.
ಎಣ್ಣೆ ಬಂದರೆ ಏಳುತ್ತದೆ. ಇಳಿಸಲು
ಹೊತ್ತ ಭಾರವೇ ಬೇಕು, ಇಲ್ಲವೇ ಒಳಗಿನ ಸ್ಪ್ರಿಂಗು.
ಬೀದಿ ಕೊನೆಯ ಕ್ಷೌರಿಕ ಎಲಾದಿಯೊನ ಕುರ್ಚಿಯೂ
ಇದೇ ಜಾತಿ: ನಾಲ್ಕು ಸಲ ಕಾಲಲ್ಲಿ ತುಳಿದರೆ
ಗಣಿಯ ಮ್ಯಾನೇಜರೂ ಮೇಲೇಳುತ್ತಾನೆ,
ಬಿಟ್ಟರೆ ತನ್ನದೇ ತೂಕಕ್ಕೆ ಇಳಿಯುತ್ತಾನೆ.

ಮೇಜಿನ ಮೇಲಿನದಕ್ಕೆ ಎರಡು ಬಾಗಿಲು.
ಹಿಂದಿನಿಂದ ನುಗ್ಗಿದರೆ ತೋಳು ಚಾಚು,
ಮುಂದಿನಿಂದ ನುಗ್ಗಿದರೆ ಮಡಚು.
ಮುಂದೆ ದಂಡವೇ ಜಾಗ ತಿನ್ನುವುದರಿಂದ
ಎಳೆಯುವಾಗ ಬಲ ಕಡಿಮೆ, ವೇಗ ಹೆಚ್ಚು.
"ಕೈ ಚಾಚುವುದು ನಿಧಾನ, ಹಿಂತೆಗೆಯುವುದು ಬೇಗ,
ಎಲ್ಲರೂ ಹಾಗೇ ತಾನೆ" ಎಂದು ನಕ್ಕಳು.

ಟಿಪ್ಪರಿನದು ಕೊಳವೆಯೊಳಗೆ ಕೊಳವೆ, ಐದು.
ಏಳುವಾಗ ದಪ್ಪನೆಯ ಹಿರಿಯ ಮೊದಲು,
ಇಳಿಯುವಾಗ ಕಿರಿಯ ಮೊದಲು.
ಮಣ್ಣು ಸುರಿದಾದ ಮೇಲೆ
ಒಬ್ಬರೊಳಗೊಬ್ಬರು ಮಲಗುವ
ಒಂದೇ ಕೋಣೆಯ ಸಂಸಾರ.

ಜುಲೈ. ಬೆಳಗಿನ ಚಳಿಗೆ ಎಣ್ಣೆಯೂ ಜೇನಾಗಿತ್ತು.
ಅಂಗಳಕ್ಕೆ ಬಂದ ಯಂತ್ರ ಬಕೆಟ್ ಎತ್ತಿ ಹಿಡಿದು ನಿಂತಿತ್ತು,
ಎಲ್ಲೋ ಒಂದು ಸುಯ್,
ಕಣ್ಣಿಗೆ ಕಾಣದ್ದು.
ಹೋಸಿನ ಉದ್ದಕ್ಕೂ ಕೈ ಆಡಿಸಹೋದೆ
ಲಾಮಾದ ಕತ್ತು ಸವರುವಂತೆ.
ಬಿತ್ತು ಮಣಿಕಟ್ಟಿಗೆ ಏಟು.

ಬೂಟಿನ ಡಬ್ಬಿಯ ರಟ್ಟು ಅವಳ ಕೈಯಲ್ಲಿ.
ಹೋಸಿನ ಮುಂದೆ ಹಿಡಿದು ಮೆಲ್ಲಗೆ ಸರಿಸಿದಳು.
ಹೊಲಿಗೆ ಬಿಚ್ಚಿದಂತೆ ಸೀಳಿತು ರಟ್ಟು.
ಸೂಜಿಮೊನೆಯ ತೂತು. ಅಲ್ಲಿಂದ ಚಿಮ್ಮುವ ಎಣ್ಣೆ
ಚರ್ಮವನ್ನು ಕೇಳದೆ ಒಳಹೋಗುತ್ತದೆ.
"ನೋವೇ ಇರಲಿಲ್ಲ, ಇರುವೆ ಕಚ್ಚಿದ ಹಾಗೆ.
ಮಧ್ಯಾಹ್ನ ಚೆನ್ನಾಗಿ ಉಂಡೆ. ಸಂಜೆಗೆ ಕೈ ಊದಿತು."
ಅವಳ ಎಡಗೈ ಗವಸಿನ ಎರಡು ಬೆರಳಿಗೆ
ತುಂಬಿರುವುದು ಹತ್ತಿ ಎಂದು
ಅಂದೇ ನನಗೆ ತಿಳಿದದ್ದು.

ಹೋಸು ಬದಲಿಸಿದೆವು. ಆದರೂ ದಂಡದ ಬಾಯಲ್ಲಿ
ಎಣ್ಣೆ ಜಿನುಗುತ್ತಿತ್ತು. ಬಕೆಟ್ ಇಳಿಸಿ,
ಎಂಜಿನ್ ನಿಲ್ಲಿಸಿ, ಒತ್ತಡ ಬಿಡಿಸಿ, ಬಿಚ್ಚಿದೆವು.
ಕ್ರೋಮಿನ ಮೇಲೆ ಒಂದು ಗೀರು,
ಉಗುರಿಗೆ ಸಿಗುತ್ತದೆ, ಕಣ್ಣಿಗಿಲ್ಲ.
ಸೀಲಿನ ತುಟಿಯಲ್ಲಿ ಕೂತ ಮರಳಿನ ಕಾಳು
ಸಾವಿರ ಸಲ ಹೋಗಿ ಬಂದು ಬರೆದದ್ದು.
ಇಪ್ಪತ್ತು ಟನ್ ಎತ್ತುವವನು
ಇಷ್ಟಕ್ಕೆ ಸೋತಿದ್ದ.

ದಂಡವನ್ನು ಬೇರೆ ಕ್ರೋಮಿಗೆ ಕಳಿಸಿದಳು.
ಬಂದ ಮೇಲೆ ಹೊಸ ಸೀಲನ್ನು
ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ ನನ್ನ ಮುಂದಿಟ್ಟಳು.
ಅವರೆಕಾಳಿನಂತೆ ಮಡಚಿ, ಗಾಡಿಯೊಳಗಿಟ್ಟು ಬಿಟ್ಟರೆ
ಟಪ್ಪೆಂದು ಅರಳಿ ಕೂರಬೇಕು.
ಮೂರು ಸಲ ಜಾರಿತು. ನಾಲ್ಕನೆಯದಕ್ಕೆ ಕೂತಿತು.
"ಇದಕ್ಕೆ ಹತ್ತು ಬೆರಳು ಬೇಕು" ಅಂದಳು.
ಸಂಬಳದ ಮಾತು
ಆಮೇಲೆ ಆಡಿದೆವು.